ಮುಸುಕುವೀರನ ಇಪ್ಪತ್ತೈದು ದಿನ

೧-೨-೧೯೮೮, ಸೋಮವಾರ

ಬೆಳಗಿನ ಪ್ಯಾಸೆಂಜರ್ ಇವತ್ತೂ ಲೇಟು. ಬಂಗಾರಪೇಟೆಯಲ್ಲೇ ಇಪ್ಪತ್ತು ನಿಮಿಷ ನಿಂತಿತು. ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿದು, ಊಟದ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು, ಆಂಡರ್ಸನ್‌ಪೇಟೆಗೆ ಓಡುನಡಿಗೆ. ಟಾಕೀಸ್ ಗೇಟಿನಲ್ಲೇ ಅಮ್ಮಾಜಮ್ಮ. ಯಜಮಾನಿ ಬೆಳಿಗ್ಗೆ ಬಂದರೆ ಒಳ್ಳೆಯ ಸುದ್ದಿ ಇರುವುದಿಲ್ಲ.

"ರಾಮಚಂದ್ರಪ್ಪ, ಮಂಡಿ ಕುಪ್ಪುಸ್ವಾಮಿ ಬಂದಿದ್ದ. ಉಣಸೇಹಣ್ಣು ತುಂಬಾಕೆ ಟಾಕೀಸ್ ಕೇಳ್ತಾವ್ನೆ. ಕೊಟ್ಬುಡಾನ ಅಂತಿದೀನಿ."

"ಟಾಕೀಸ್‌ಗೆ ಉಣಸೇಹಣ್ಣಾ, ಅಮ್ಮಾ?"

"ಉಣಸೇಹಣ್ಣು ಶಿಳ್ಳೆ ಒಡೆಯಲ್ಲ. ಸೀಟ್ ಅರಿಯಲ್ಲ. ಎಲೆಅಡಿಕೆ ಉಗಿಯಲ್ಲ. ನೀನು ಅಷ್ಟು ಗ್ಯಾರಂಟಿ ಕೊಡ್ತೀಯಾ?"

ಹದಿನಾಲ್ಕು ವರ್ಷ ಇಲ್ಲಿ ಮ್ಯಾನೇಜರ್ ನಾನು. ಕೊನೆಗೆ ಬ್ರಹ್ಮಾಸ್ತ್ರ ತೆಗೆದೆ — ಶುಕ್ರವಾರ 'ಮತ್ತೆ ಬಂದ ಮುಸುಕುವೀರ' ಬರುತ್ತದೆ, ಹೊಸದು, ಕಲರ್. ಹಳೆಯ ಕಪ್ಪುಬಿಳುಪಿನ 'ಮುಸುಕುವೀರ' ಇಲ್ಲಿ ಹನ್ನೊಂದು ವಾರ ಓಡಿದ್ದು. ಈಗಲೂ ಸಂಕ್ರಾಂತಿಗೆ ಹಾಕಿದರೆ ಮೈನ್ಸ್‌ನ ಲೈನ್‌ಗಳೆಲ್ಲ, ಚಿನ್ನದ ಗಣಿಯವರ ಸಾಲುಮನೆಗಳೆಲ್ಲ, ಖಾಲಿ. ಹೊಸದು ಓಡದೆ ಇರುತ್ತದೆಯೇ?

ಮುದುಕಿ ಬೀಗದ ಕೈಗೊಂಚಲು ಕುಲುಕಿದಳು. "ಇಪ್ಪತ್ತೈದು ದಿನ ಓಡಿಸು. ಓಡ್ತಾ, ಟಾಕೀಸ್ ಟಾಕೀಸೇ. ಇಲ್ವಾ, ಬೀಗದ ಕೈ ಕುಪ್ಪುಸ್ವಾಮಿಗೆ."

ಆಪರೇಟರ್ ಬೈರಪ್ಪ ಮೇಲಿನ ಕಿಂಡಿಯಿಂದ ಎಲ್ಲ ಕೇಳಿಸಿಕೊಂಡಿದ್ದಾನೆ. "ಓಡ್ದಿದ್ರೆ ಏನ್ ಮಾಡ್ತೀಯಣ್ಣಾ?" "ಮೀಸೆ ಬೋಳಿಸ್ತೀನಿ ಕಣ್ಲಾ," ಅಂದೆ. ಬಾಯಿ ನನ್ನದೇ, ಏನು ಮಾಡಲಿ.

೪-೨, ಗುರುವಾರ

ಪ್ರಿಂಟಿನ ಡಬ್ಬಗಳು ಬಂದವು. ಮುಟ್ಟಿ ನೋಡಿದೆ. ಆರನೇ ಕ್ಲಾಸಿನಲ್ಲಿ ವಾರಪತ್ರಿಕೆಯ ಕೊನೆಯ ಪುಟದಲ್ಲಿ ಮುಸುಕುವೀರನ ಚಿತ್ರಕಥೆ ಬರುತ್ತಿತ್ತು. ಪುಟ ಕತ್ತರಿಸಿ ಲೆಕ್ಕದ ಪುಸ್ತಕದಲ್ಲಿ ಅಡಗಿಸಿಟ್ಟು, ಅಪ್ಪನ ಕೈಲಿ ಏಟು ತಿಂದಿದ್ದೆ. ಈಗ ನಲವತ್ತೆರಡು. ಎದೆ ಇನ್ನೂ ಹಾಗೇ ಡವಡವ.

ಮನೆಯಲ್ಲಿ ಹೆಂಡತಿ ಮುನಿನಾರಾಯಣಮ್ಮ ಕನ್ನಡಿ ತಂದು ನನ್ನ ಮುಂದೆ ಹಿಡಿದಳು. "ಮೀಸೆ ಕಡೇ ಸಲ ನೋಡ್ಕೊಳ್ಳಿ." ಬೈರಪ್ಪನ ಬಾಯಿಗೆ ಬೀಗ ಇಲ್ಲ. ಸುದ್ದಿ ರೈಲಿಗಿಂತ ಮೊದಲೇ ಊರು ಸೇರಿದೆ.

೫-೨, ಶುಕ್ರವಾರ

ಮ್ಯಾಟಿನಿ ಹೌಸ್‌ಫುಲ್! ಗಣಿಯ ಮೊದಲ ಶಿಫ್ಟ್ ಮುಗಿಸಿ, ಸ್ನಾನ ಮಾಡಿ ಬಂದವರು, ತಲೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದೆ, ಗೇಟಿಗೇ ಒತ್ತಿ ನಿಂತಿದ್ದರು. ಕುಣಿಯುವುದೊಂದು ಬಾಕಿ ನನಗೆ.

ಇಂಟರ್‌ವಲ್‌ವರೆಗೂ ಪರವಾಗಿಲ್ಲ. ಆಮೇಲೆ ಗಣಿ ಸೀನ್. ಹಳೆಯದರಲ್ಲೂ ಇದೇ ಸೀನ್ — ಕಳ್ಳರು ಗಣಿಯೊಳಗೆ ಕೂಡಿಹಾಕಿದ ಎಂಟು ಜನರನ್ನು ವೀರ ಲಿಫ್ಟಿನಂಥ ಕೇಜಿನಲ್ಲಿ ಹತ್ತಿಸಿ, ಗಂಟೆ ಹೊಡೆದು, ಮೇಲಕ್ಕೆ ಕಳಿಸುವುದು. ಹಳೆಯದರಲ್ಲಿ ಆಗ ಜನವೆಲ್ಲ ಸೀಟಿನ ಕೈ ಬಡಿಯುತ್ತಿದ್ದರು. ತಾಳ ಹಾಕುತ್ತಾರೆ ಅಂದುಕೊಂಡಿದ್ದೆ. ಇವತ್ತೂ ಕೈ ಎತ್ತಿದರು. ಬಡಿಯಲು ಶುರು ಮಾಡಿದರು. ಪರದೆಯ ಮೇಲೆ ವೀರ ಗಂಟೆಗೆ ಎರಡು ಪೆಟ್ಟು ಹೊಡೆದ. ಕೇಜ್ ಮೇಲಕ್ಕೆ ಹಾರಿತು.

ಬಡಿಯುತ್ತಿದ್ದ ಕೈಗಳು ಅಲ್ಲೇ ನಿಂತವು. ಆಮೇಲೆ ಒಬ್ಬ — "ಅಯ್ಯಯ್ಯೋ, ಸತ್ರಲ್ಲಪ್ಪಾ ಎಲ್ರೂ!" ಹೊಟ್ಟೆ ಹುಣ್ಣಾಗುವಂತೆ ನಗು. ವೀರ ಅಳುತ್ತಾ ತಾಯಿಯ ಫೋಟೋಗೆ ಕೈಮುಗಿದಾಗಲೂ ನಗು. ಕ್ಲೈಮ್ಯಾಕ್ಸಿಗೆ ಅರ್ಧ ಜನ ಎದ್ದು ಹೋಗಿದ್ದರು.

ಏನು ನಗು? ನನಗಂತೂ ತಿಳಿಯಲಿಲ್ಲ.

೭-೨, ಭಾನುವಾರ

ಭಾನುವಾರ ಫಸ್ಟ್ ಶೋಗೆ ಎಂಬತ್ತು ತಲೆ. ಎಂಬತ್ತು! ಗೇಟಿನಲ್ಲಿ ನಿಂತು, ಹೊರಗೆ ಬಂದವರನ್ನೆಲ್ಲ ಹಿಡಿದು ಕೇಳಿದೆ. ಆಳಿಗೊಂದು ಮಾತು. ಟೀ ಅಂಗಡಿಯವನು, ಮುಸುಕು ನೀಲಿ ಯಾಕೆ, ನಮ್ಮವನದು ಕಪ್ಪು ಅಂದ. (ಅದು ಮೊದಲಿಂದಲೂ ನೀಲಿಯೇ ಮಾರಾಯ, ಹಳೆಯದು ಕಪ್ಪುಬಿಳುಪು!) ಹೀರೋ ದೊಡ್ಡ ಸ್ಟಾರಂತೆ, ಮುಖ ಕಾಣಬೇಕಂತೆ, ಹತ್ತೇ ನಿಮಿಷಕ್ಕೆ ಮುಸುಕು ತೆಗೆದುಬಿಟ್ಟ — "ಮುಸುಕೇ ಇಲ್ಲ ಅಂದ್ಮೇಲೆ ಅದ್ಯಾವ ಮುಸುಕುವೀರ?" ಕುದುರೆ ಬಿಟ್ಟು ಮೋಟರ್ ಸೈಕಲ್ ಯಾಕೆ ಅಂತ ಇನ್ನೊಬ್ಬ. ಹಳೆಯದರಲ್ಲಿ ತಾಯಿ ಮುದ್ದೆ ಬಡಿಸುತ್ತಾ ಬೈಯುತ್ತಿದ್ದಳು, ಇದರಲ್ಲಿ ಮೊದಲ ರೀಲಿಗೇ ಅವಳನ್ನು ಕೊಂದಿದ್ದಾರೆ ಅಂತ ಒಬ್ಬ ಹೆಂಗಸು ನನ್ನ ಮೇಲೇ ಹಾರಿದಳು. ನಾನೇನು ಕೊಂದೆನೇ?

ಎಲ್ಲ ನಿಜ. ಆದರೂ ಆ ನಗುವಿಗೆ ಕಾರಣ ಅದಲ್ಲ. ಪಿಕ್ಚರ್ ಹಿಡಿಸದವರು ಬೈಯಬಹುದು, ಹಾಗೆ ನಗುವುದಿಲ್ಲ.

ಸೀಟಿನ ಮರ ಒಡೆಯುತ್ತದೆ ಅಂತ ಅಮ್ಮಾಜಮ್ಮ ಗದರಿದಳು. ನಾನೇ ಸುಣ್ಣದಲ್ಲಿ ಬೋರ್ಡ್ ಬರೆದು ನೇತು ಹಾಕಿದೆ — 'ಸೀಟು ಬಡಿಯಬಾರದು.'

೯-೨, ಮಂಗಳವಾರ

ಮ್ಯಾಟಿನಿಗೆ ಮೂವತ್ತೊಂದು. ಅದರಲ್ಲಿ ನಾಲ್ವರು ಫ್ಯಾನಿನ ಕೆಳಗೆ ನಿದ್ದೆಗೆ ಬಂದವರು.

ಕುಪ್ಪುಸ್ವಾಮಿ ಹಗ್ಗ ಹಿಡಿದು ಬಂದು ಹಾಲ್ ಅಳೆದ. ಪರದೆ ಬಿಚ್ಚಿದರೆ ಇನ್ನೂ ನೂರು ಮೂಟೆ ಹಿಡಿಯುತ್ತದೆ ಅಂದ. ಕೈ ಮುಷ್ಟಿ ಕಟ್ಟಿತು. ಆಮೇಲೆ ಬಿಚ್ಚಿ, ಅವನ ಹಗ್ಗದ ಇನ್ನೊಂದು ತುದಿ ನಾನೇ ಹಿಡಿದುಕೊಂಡೆ. ಅಭ್ಯಾಸಬಲ, ಏನು ಹೇಳಲಿ.

೧೦-೨, ಬುಧವಾರ

ಬರೆಯಲೇಬೇಕು. ಅಷ್ಟು ಖುಷಿ.

ಬೈರಪ್ಪ ಹೇಳಿದ: "ಪೆರುಮಾಳ್ ಅಣ್ಣನ್ನ ಕೇಳಣ್ಣಾ. ಹಳೇ ಪಿಚ್ಚರ್‌ಗೆ ತಪ್ದೆ ಬರೋರು, ಇದಕ್ಕೆ ಒಂದ್ ಸಲ ಬಂದು ಎದ್ದೋದ್ರು." ಪೆರುಮಾಳ್ ಗಣಿಯಲ್ಲಿ ಮೂವತ್ತು ವರ್ಷ ಕೇಜಿನ ಹತ್ತಿರ ಗಂಟೆ ಹೊಡೆಯುತ್ತಿದ್ದವರು. ಈಗ ರಿಟೈರ್ಡ್. ಲೈನ್ ಮನೆಯ ಮುಂದೆ ಕೋಳಿಗೆ ಅಕ್ಕಿನುಚ್ಚು ಹಾಕುತ್ತಿದ್ದರು.

ನಗು ಯಾಕೆ ಅಂದೆ. ನನ್ನನ್ನೇ ವಿಚಿತ್ರವಾಗಿ ನೋಡಿದರು.

"ಎರಡು ಒಡೆದ್ರೆ ಕೆಳಕ್ಕೆ, ಸಾರ್. ಮೇಲಕ್ಕೆ ಒಂದು. ಅವ್ನು ಎರಡು ಒಡೆದ, ಕೇಜ್ ಮೇಲ್ಕೋಯ್ತು. ಸಿರಿಪ್ಪು, ನಗು, ಬರ್ದೆ ಇನ್ನೇನ್ ಬರ್ತೈತೆ?"

"ಅಷ್ಟೇನಾ?"

"ಅಷ್ಟೇ ಅಲ್ಲ." ನುಚ್ಚಿನ ಬಟ್ಟಲು ಕೆಳಗಿಟ್ಟರು. "ಮನುಸ್ರು ಕೇಜ್ ಅತ್ತಿದ್ರೆ ಮೊದ್ಲು ಮೂರು ಒಡೀಬೇಕು. ಮೇಲೆ ಕೇಜ್ ಎಳಿಯೋ ಎಂಜಿನ್ ಡ್ರೈವರ್‌ಗೆ ನಾವು ಕಾಣಲ್ಲ, ಸಾರ್. ಗಂಟೆ ಒಂದೇ ಕೇಳ್ಸೋದು. ಮೂರು ಬಂದ್ರೆ, ಓ, ಮನುಸ್ರು ಅವ್ರೆ ಅಂತ ಮೆಲ್ಲಗೆ ಎಳೀತಾನೆ. ಮೂರು ಬರ್ಲಿಲ್ವಾ, ಬರೀ ಕಲ್ಲು ಅಂತ ಲೆಕ್ಕ. ಸೊಯ್ ಅಂತ ಎಳೀತಾನೆ. ಎಂಟು ಜನ ನಿಂತವ್ರೆ, ಅವ್ರನ್ನ ಕಲ್ಲು ಮಾಡ್ಬುಟ್ಟ ನಿಮ್ ಈರೋ. ನಂಗೆ ನಗು ಬರ್ಲಿಲ್ಲ. ಕೋಪ ಬಂತು, ಎದ್ದು ಬಂದೆ."

ಹಳೆಯ ಪಿಕ್ಚರ್‌ನಲ್ಲಿ ಸರಿಯಾಗಿ ಮೂರು, ಆಮೇಲೆ ಒಂದು. ಜನ ಅದರ ಜೊತೆ ಬಡಿಯುತ್ತಿದ್ದದ್ದು ತಾಳ ಅಲ್ಲ. ಆ ಎಂಟು ಜನರನ್ನು ಅವರೇ ಮೇಲಕ್ಕೆ ಕಳಿಸುತ್ತಿದ್ದರು!

ಹದಿನಾಲ್ಕು ವರ್ಷ. ಸಾವಿರ ಸಲ ಕೇಳಿದ್ದೇನೆ. ಒಂದು ಸಲವೂ ಯಾಕೆ ಅಂತ ಕೇಳಲಿಲ್ಲ. ರಾಗಿ ಹೊಲದವನು ನಾನು, ಗಣಿಗೆ ಇಳಿದವನಲ್ಲ. ಅದು ಸಾಲದು ಅಂತ ಬೋರ್ಡ್ ಬೇರೆ ಹಾಕಿದ್ದೆ. ನಾಚಿಕೆಯಾಯಿತು. ಓಡಿ ಬಂದು ಮೊದಲು ಬೋರ್ಡ್ ಕಿತ್ತು ಟೀ ಅಂಗಡಿಯ ಒಲೆಗೆ ಹಾಕಿದೆ.

೧೧-೨, ಗುರುವಾರ

ಪ್ಲಾನ್ ನನ್ನದು. ಬೈರಪ್ಪ ತನ್ನದು ಅನ್ನುತ್ತಾನೆ, ಅನ್ನಲಿ.

ಆ ಸೀನ್ ಬಂದಾಗ ಬೈರಪ್ಪ ಸೌಂಡ್ ತೆಗೆದುಬಿಡುವುದು. ಪರದೆಯ ಪಕ್ಕದ ಬಾಗಿಲ ಹಿಂದೆ ನಿಂತು ಪೆರುಮಾಳ್ ನಿಜವಾದ ಗಂಟೆ ಹೊಡೆಯುವುದು. ಗಂಟೆ? ಇದು ಟೆಂಟ್ ಸಿನಿಮಾ ಆಗಿದ್ದ ಕಾಲದಲ್ಲಿ ಶೋ ಶುರುವಿಗೆ ಹೊಡೆಯುತ್ತಿದ್ದ ಕಂಚಿನ ಗಂಟೆ ಅಮ್ಮಾಜಮ್ಮನ ಮನೆಯ ಅಟ್ಟದಲ್ಲಿದೆ. ಅವಳ ಗಂಡ ಇಟ್ಟದ್ದು.

ಕೇಳಲು ಹೋದೆ. ಮುಖ ಹುಳ್ಳಗೆ ಮಾಡಿದಳು. ಹುಣಸೆ ಮುಪ್ಪಾದರೆ ಹುಳಿ ಮುಪ್ಪೇ? ಆದರೆ ಪೆರುಮಾಳ್ ಹೇಳಿದ್ದನ್ನು ಹೇಳಿದಾಗ ಏಣಿ ತಾನೇ ಹಿಡಿದುಕೊಂಡಳು. "ಉಸಾರಾಗಿ ಇಳಿಸು. ನಮ್ಮೋರು ಇದನ್ನ ಯಾರ್ ಕೈಗೂ ಕೊಡ್ತಿರ್ಲಿಲ್ಲ."

೧೨-೨, ಶುಕ್ರವಾರ

ಮ್ಯಾಟಿನಿಗೆ ಅರವತ್ತು ಜನ. ಗಣಿ ಸೀನ್. ಕೆಲವರು ಆಗಲೇ ನಗಲು ಬಾಯಿ ತೆರೆದಿದ್ದರು. ಸೌಂಡ್ ಕಟ್. ಕತ್ತಲಲ್ಲಿ ಪೆರುಮಾಳ್ —

ಟಣ್. ಟಣ್. ಟಣ್.

ಸ್ವಲ್ಪ ಬಿಟ್ಟು, ಟಣ್.

ಕೇಜ್ ಮೇಲಕ್ಕೆ ಹೋಯಿತು. ಆಮೇಲೆ ಶಿಳ್ಳೆ! ಸೀಟು ಬಡಿತ! "ಇನ್ನೊಂದ್ಸಲ! ಒನ್ಸ್ ಮೋರ್!" ಬೈರಪ್ಪ ರೀಲ್ ಹಿಂದಕ್ಕೆ ಸುತ್ತಬೇಕಾಯಿತು. ಪೆರುಮಾಳ್ ಹೊರಗೆ ಬಂದಾಗ ಮುಖ ಮದುವೆ ಗಂಡಿನ ಹಾಗೆ.

ಫಸ್ಟ್ ಶೋಗೆ ಇನ್ನೂರು.

೧೬-೨, ಮಂಗಳವಾರ

ಶಿವರಾತ್ರಿ. ಐದು ಶೋ. ನಿದ್ದೆ ಬರು…

೨೨-೨, ಸೋಮವಾರ

ಹದಿನೆಂಟನೇ ದಿನ. ಊರಗಾಂನಿಂದ, ಮಾರಿಕುಪ್ಪಂನಿಂದ ಜನ. ಮೈನ್ಸ್‌ನವರು ಹೆಂಡತಿಯರನ್ನು ಕರೆತರುತ್ತಾರೆ — ನಾವು ಕೆಳಗೆ ಹೀಗೆ ಮಾಡುವುದು ಅಂತ ತೋರಿಸಲು. ಒಬ್ಬ ಹೆಂಗಸು ಹೊರಗೆ ಬಂದು ಗಂಡನನ್ನು ಕೇಳುತ್ತಿದ್ದಳು: "ನಿಂಗೂ ದಿನಾ ಮೂರು ಒಡೀತಾರಾ?" ಅವನು ತಲೆಯಾಡಿಸಿದ. ಅವಳು ಅವನ ಷರಟಿನ ಕಾಲರ್ ಸರಿಮಾಡಿದಳು.

ಬೆಂಗಳೂರಿನ ಹಂಚಿಕೆದಾರರ ಆಫೀಸಿನಿಂದ ಕಾಗದ. ಎಲ್ಲ ಕಡೆ ಮೊದಲ ವಾರಕ್ಕೇ ಎತ್ತಿದ್ದಾರಂತೆ. ನಿಮ್ಮಲ್ಲಿ ಮಾತ್ರ ಹೇಗೆ, ದಯವಿಟ್ಟು ತಿಳಿಸಿ ಅಂತ. ಏನು ತಿಳಿಸುವುದು? ನೀವು ಕಲರ್ ಹಾಕಿದಿರಿ, ಮೋಟರ್ ಸೈಕಲ್ ಹಾಕಿದಿರಿ, ಮೂರು ಪೆಟ್ಟು ಹಾಕಲಿಲ್ಲ ಅಂತ ಬರೆದರೆ ನನ್ನನ್ನು ಹುಚ್ಚ ಅಂದಾರು. 'ದೇವರ ದಯೆ' ಅಂತ ಬರೆದು ಹಾಕಿದೆ.

ಮುನಿನಾರಾಯಣಮ್ಮ ನೋಡಲು ಬಂದಿದ್ದಳು. ಪಿಕ್ಚರ್ ಚೆನ್ನಾಗಿಲ್ಲವಂತೆ. ಗಂಟೆ ಚೆನ್ನಾಗಿದೆಯಂತೆ.

೨೭-೨, ಶನಿವಾರ

ಗ್ರಹಚಾರ. ಪೆರುಮಾಳ್ ಅವರ ಮಗಳಿಗೆ ಗುಡಿಯಾತ್ತಂನಲ್ಲಿ ಹೆರಿಗೆ, ಗಂಡು ಕೂಸು. ನಾಳೆ ಬೆಳಿಗ್ಗೆ ಹೊರಡುತ್ತಾರೆ. ಸೋಮವಾರ ಇಪ್ಪತ್ತೈದನೇ ದಿನ! ಅದೇ ದಿನ ಅಮ್ಮಾಜಮ್ಮ ಕುಪ್ಪುಸ್ವಾಮಿಯನ್ನು ಕರೆದುಕೊಂಡು ಮ್ಯಾಟಿನಿಗೆ ಬರುತ್ತಾಳಂತೆ. ಬಂದು ನೋಡಿ ತೀರ್ಮಾನವಂತೆ.

"ನೀವೇ ಒಡೀರಿ, ಸಾರ್."

"ನಾನಾ? ನಾನು ಗಣಿ ಮುಖ ನೋಡ್ದೋನಲ್ಲ, ಅಣ್ಣಾ. ತಪ್ಪಿದ್ರೆ?"

"ನಿಮ್ ಟಾಕೀಸ್‌ನಲ್ಲಿ ಮನುಸ್ರು ಕೂತವ್ರಾ ಇಲ್ವಾ? ಅದನ್ನ ಮನಸ್ಸಲ್ಲಿ ಇಟ್ಕೊಂಡು ಒಡೀರಿ. ಕೈ ತಪ್ಪಲ್ಲ."

ನಾಳೆ ಭಾನುವಾರ ಬೆಳಿಗ್ಗೆ, ಶೋಗೆ ಮೊದಲು, ಪ್ರಾಕ್ಟೀಸ್. ಬೈರಪ್ಪ ಎಣಿಸುತ್ತಾನೆ.

೨೮-೨, ಭಾನುವಾರ

ನಾಲ್ಕು ಶೋ ಹೊಡೆದೆ. ಸೆಕೆಂಡ್ ಶೋನಲ್ಲಿ ಮೂರಕ್ಕೂ ಒಂದಕ್ಕೂ ನಡುವೆ ಬಿಡುವು ಸಾಲಲಿಲ್ಲ. ಗಾಂಧಿಕ್ಲಾಸಿನಿಂದ ಕೂಗು: "ಏಯ್, ಕೊನೇದು ನಿಧಾನ ಕಣಯ್ಯಾ! ಕೇಜ್‌ಗೆ ಇನ್ನೂ ಬಾಗ್ಲಾಕಿಲ್ಲ!" ಸಂತೋಷವಾಯಿತು. ಬೈದರೂ ಸಂತೋಷ.

೨೯-೨, ಸೋಮವಾರ, ಬೆಳಿಗ್ಗೆ

ಪೋಸ್ಟರ್ ಮೇಲೆ '೨೫ನೇ ದಿನ' ಚೀಟಿ ಅಂಟಿಸಿದೆ, ನನ್ನ ಕೈಯಾರೆ. ಸ್ವಲ್ಪ ಓರೆಯಾಯಿತು. ಇರಲಿ.

ಬೈರಪ್ಪ ಮೇಜಿನ ಮೇಲೆ ಹೊಸ ಬ್ಲೇಡ್ ಇಟ್ಟು ಹೋಗಿದ್ದಾನೆ. ಕಾಗದದಲ್ಲಿ ಸುತ್ತಿ, ಮೇಲೆ 'ಅಣ್ಣನಿಗೆ, ಗಡ್ಡಕ್ಕೆ ಮಾತ್ರ' ಅಂತ ಬರೆದಿದ್ದಾನೆ. ಕಳ್ಳ.

ಅದೇ ದಿನ, ಸಂಜೆ ೪-೧೦

ಪರದೆಯ ಪಕ್ಕದ ಬಾಗಿಲ ಹಿಂದೆ, ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲೆ ಇಟ್ಟು ಬರೆಯುತ್ತಿದ್ದೇನೆ. ಪರದೆಯ ಬೆಳಕೇ ದೀಪ. ಬರೆಯುತ್ತಿದ್ದರೆ ಹೊತ್ತು ಹೋಗುತ್ತದೆ.

ಹೌಸ್‌ಫುಲ್. ಗೋಡೆಗೂ ಒರಗಿ ನಿಂತಿದ್ದಾರೆ. ಕುಪ್ಪುಸ್ವಾಮಿ ಬಾಲ್ಕನಿಯಲ್ಲಿ ಕೂತು ಕಡಲೆಕಾಯಿ ತಿನ್ನುತ್ತಿದ್ದಾನೆ. ಇಂಟರ್‌ವಲ್‌ನಲ್ಲಿ ನೋಡಿದೆ, ಅಳತೆ ಹಗ್ಗ ತಂದಿಲ್ಲ.

ಈಗ ತಾನೇ ಅಮ್ಮಾಜಮ್ಮ ಕತ್ತಲಲ್ಲಿ ತಡಕಾಡುತ್ತಾ ಇಲ್ಲಿಗೇ ಬಂದಳು. ಗಂಟೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಬೀಗದ ಕೈಗೊಂಚಲು ನನ್ನ ಮಡಿಲಿಗೆ ಹಾಕಿದಳು.

"ಸೊಂಟಕ್ಕೆ ಸಿಗಿಸ್ಕೋ. ನಾನ್ ಇಟ್ಕೊಂಡ್ರೆ ಗಲಗಲ ಅಂತದೆ, ಗಂಟೆ ಕೇಳ್ಸಲ್ಲ."

"ಕುಪ್ಪುಸ್ವಾಮಿಗೆ, ಅಮ್ಮಾ?"

"ಅವನ್ಗೆ ಬ್ಯಾರೆ ಜಾಗ ನೋಡ್ಕೋ ಅಂದೆ. ಇಲ್ಲಿ ಮನುಸ್ರು ಅವ್ರೆ, ಮೂಟೆ ಎಲ್ಲಿ ಇಡಾದು ಅಂದೆ."

ಕಣ್ಣು ಮಂಜಾಗಿದೆ. ಅಕ್ಷರ ಸೊಟ್ಟಗೆ ಹೋಗುತ್ತಿದೆ. ಅವಳು ಇಲ್ಲೇ ನನ್ನ ಪಕ್ಕದಲ್ಲೇ ನಿಂತಿದ್ದಾಳೆ, ಕೈ ಬಾಗಿಲ ಮರದ ಮೇಲೆ, ಬಡಿಯಲು ರೆಡಿ.

ಎಂಟು ಜನ ಕೇಜ್ ಹತ್ತಿದರು. ವೀರ ಬಾಗಿಲು ಹಾಕಿದ. ಸೌಂಡ್ ಹೋಯಿತು. ಸೀಟುಗಳ ಮೇಲೆ ಕೈಗಳು ಎದ್ದಿವೆ, ನನಗಾಗಿ ಕಾಯುತ್ತಿ—