ಸೊಟ್ಟ ಕೊಕ್ಕಿನ ಮರಿ

೧೬ ಫೆಬ್ರವರಿ ೧೯೮೦, ಶನಿವಾರ. ಬೈರಕೂರು.

ಗ್ರಹಣ ಬಿಟ್ಟ ಮೇಲೆ ಎಲ್ಲರೂ ತಲೆಗೆ ನೀರು ಹಾಕಿಕೊಂಡು ಉಂಡು ಮಲಗಿದ್ದಾರೆ. ನನಗೆ ತುತ್ತು ಇಳಿಯಲಿಲ್ಲ.

ಮಧ್ಯಾಹ್ನ ಬಾಗಿಲು ಹಾಕುವಾಗಲೇ ಅತ್ತೆ ಹೇಳಿದ್ದರು, "ಬಸುರಿ ಹೆಂಗಸು, ಹೊರಗೆ ತಲೆ ಹಾಕ್ಬೇಡ ಕಣೇ. ಮಗೂಗೆ ತುಟಿ ಸೀಳ್ಬಿಡ್ತದೆ." ಆದರೆ ಹಿತ್ತಲಲ್ಲಿ ಬುಟ್ಟಿ ಕೆಳಗೆ ಕೋಳಿಮರಿ ಕೂಗುತ್ತಲೇ ಇತ್ತು. ಅದರ ಮೇಲಿನ ಕೊಕ್ಕು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ. ತಾನಾಗಿ ಕಾಳು ಹೆಕ್ಕಲಾರದು. ನಾನೇ ಬೆರಳನ್ನು ರಾಗಿ ಅಂಬಲಿಯಲ್ಲಿ ಅದ್ದಿ ಬಾಯಿಗೆ ಹನಿಸಬೇಕು. ಅತ್ತೆಗೆ ಜೋಂಪು ಹತ್ತಿದ್ದೇ ತಡ, ಹೋಗಿಬಿಟ್ಟೆ. ಬಿಸಿಲು ಬೂದಿ ಬಣ್ಣಕ್ಕೆ ತಿರುಗಿತ್ತು. ಮರಿ ಕುಡಿದು ನನ್ನ ಅಂಗೈಯಲ್ಲೇ ನಿದ್ದೆಹೋಯಿತು.

ಆಗಿನಿಂದ ಹೊಟ್ಟೆಯ ಮೇಲಿನ ಕೈ ತೆಗೆದಿಲ್ಲ. ಮಗು ಒದ್ದರೂ ಭಯ, ಒದೆಯದಿದ್ದರೂ ಭಯ.

ಸಂಜೆ ಅತ್ತೆ ಬುಟ್ಟಿ ಎತ್ತಿ ನೋಡಿ, "ಇಂಥದ್ನ ಯಾಕೇ ಸಾಕ್ತೀಯ? ಮೊಟ್ಟೆ ಒಡ್ಕೊಂಡು ಬಂದಾಗ್ಲೇ ಕತ್ತು ಹಿಸುಕ್ಬೇಕಾಗಿತ್ತು" ಎಂದರು. ಸೊಪ್ಪು ಸೋಸುವಾಗ ಕೊಳೆತ ಎಲೆ ಎಸೆಯುವಷ್ಟು ಸಲೀಸಾಗಿ ಅಂದರು.

ಹೆರಿಗೆ ಹೋಳೂರಿನಲ್ಲಿ, ಅಮ್ಮನ ಮನೆಯಲ್ಲಿ ಎಂದು ಇಷ್ಟು ದಿನ ಧೈರ್ಯವಿತ್ತು. ಆದರೆ ಮಗುವನ್ನು ಎತ್ತಿಕೊಂಡು ಮರಳಿ ಬರಬೇಕಾದ್ದು ಈ ಮನೆಗೇ. ಆ ಬುಟ್ಟಿ ಎತ್ತಿದ ಹಾಗೆಯೇ ಅವರು ಬಟ್ಟೆ ಸರಿಸಿ ಮಗುವಿನ ಮುಖ ನೋಡುತ್ತಾರೆ.