ಬೀರುವಿನ ಹಿಂದಿನ ಇಲಿ

ಮಾರ್ಚ್ 3
ಎಂದಿನಂತೆ ಕಾಲು ತೊಳೆದೆ. ಔಷಧಿ ಸೋಪು, ಬಿಸಿನೀರು, ಒರಟು ಬಟ್ಟೆ. ಹುಣ್ಣಿನ ಅಂಚಿನಲ್ಲಿ ರಕ್ತ ಕಾಣುವವರೆಗೆ ಉಜ್ಜಿದೆ. ಶಾಲೆಯಲ್ಲಿ ಸಿಸ್ಟರ್ ಪ್ರತಿ ಸೋಮವಾರ ಉಗುರು ನೋಡುತ್ತಿದ್ದರು. ಕೊಳೆ ಅಂದರೆ ತಪ್ಪು ಎಂಬುದು ತಲೆಯಿಂದ ಇನ್ನೂ ಹೋಗಿಲ್ಲ. ಬ್ಯಾಂಡೇಜಿನ ಮೇಲೆ ಅಗಲವಾದ ಪ್ಯಾಂಟ್. ಅದರ ಮೇಲೆ ಸೆಂಟ್.

ಕನ್ನಡಕದಂಗಡಿಯಲ್ಲಿ ನಾನು ಕಣ್ಣು ಪರೀಕ್ಷೆ ಮಾಡುವ ಕೋಣೆ ಚಿಕ್ಕದು, ಕತ್ತಲು. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂರಬೇಕು. ಅಕ್ಷರ ಓದುತ್ತಿದ್ದ ಅಜ್ಜಿ ನಡುವೆ ನಿಲ್ಲಿಸಿದರು.
"ಏನಮ್ಮಾ, ಇಲ್ಲೆಲ್ಲೋ ಇಲಿ ಸತ್ತಿದೆ."
"ಹೌದಜ್ಜಿ, ಇರಬೇಕು," ಅಂದೆ. ಎಷ್ಟು ಸಲೀಸಾಗಿ!

ಮಾರ್ಚ್ 4
ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಗಾಜಣ್ಣನ ಕಿವಿಗೆ ಇಲಿಯ ಸುದ್ದಿ ಬಿದ್ದಿದೆ. ಸೊಂಟನೋವಿನ ಮನುಷ್ಯ. ಕಬ್ಬಿಣದ ಬೀರುವನ್ನು ಒಬ್ಬರೇ ಸರಿಸಿದರು. ನಾನು ಟಾರ್ಚ್ ಹಿಡಿದು ನಿಂತಿದ್ದೆ.
"ಸತ್ತ ಮೇಲೂ ಇಷ್ಟು ನಾಚಿಕೆ ಇರೋ ಇಲೀನ ನಾನು ನೋಡಿಲ್ಲ ಮೇಡಮ್."
ನಕ್ಕೆ. ನಗಲೇಬೇಕಿತ್ತೆ?

ಮಾರ್ಚ್ 9
ಬಯಾಪ್ಸಿ ರಿಪೋರ್ಟ್ ಬಂತು. ಅಪರೂಪದ ಕಾಯಿಲೆಯಂತೆ. ಉಜ್ಜುವುದನ್ನು ಹೇಳಿದಾಗ ಚರ್ಮದ ಡಾಕ್ಟರ್ ಹಣೆ ಚಚ್ಚಿಕೊಂಡರು.
"ಇದು ಕೊಳೆಯಲ್ಲಮ್ಮ. ಯಾರಿಗೂ ಅಂಟಲ್ಲ. ಮೈ ಕಾಯೋ ಶಕ್ತೀನೇ ಮೈ ತಿಂತಿದೆ. ಬೇಲಿ ಎದ್ದು ಹೊಲ ಮೇಯೋ ಕಥೆ. ಉಜ್ಜಿದಷ್ಟೂ ಹುಣ್ಣು ಅಗಲ ಆಗುತ್ತೆ."
ಹಾಗಾದರೆ ಇಷ್ಟು ದಿನ ಅದನ್ನು ಬೆಳೆಸಿದ್ದು ನಾನೇ.
ಸ್ಟೀರಾಯ್ಡ್, ಜೊತೆಗೆ ಸೈಕ್ಲೋಸ್ಪೊರಿನ್. ಬೇಲಿಯನ್ನೇ ತಗ್ಗಿಸುವ ಮಾತ್ರೆಗಳು. ಬೇಲಿ ತಗ್ಗಿದರೆ ಕಂಡವರ ಜ್ವರ, ಕೆಮ್ಮೆಲ್ಲ ಒಳಗೆ. "ಜ್ವರ ಇರೋರಿಂದ ದೂರ ಇರಿ. ಕೆಲಸದ ಕಡೆ ಹೇಳಿಬಿಡಿ."
ಆಗಲಿ ಅಂದೆ. ಹೇಳಲಿಲ್ಲ.

ಏಪ್ರಿಲ್ 2
ನೋವು ಇಳಿದಿದೆ. ವಾಸನೆಯೂ. ಹುಣ್ಣಿನ ನೇರಳೆ ಅಂಚು ಮಂಕಾಗಿದೆ. ಮುಖ ಮಾತ್ರ ಊದಿದೆ, ಮೇಲ್ದುಟಿಯ ಮೇಲೆ ಕೂದಲು. ನಮ್ಮ ಮನೆಯವರು ಕನ್ನಡಿಯಲ್ಲಿ ನೋಡಿ, "ಮೀಸೇಲಿ ನನ್ನೇ ಸೋಲಿಸ್ತೀಯ ಕಣೇ," ಅಂದರು. ನಗುತ್ತಲೇ ಅಳು ಬಂತು.

ಅಂಗಡಿಯಲ್ಲಿ ಗಾಜಣ್ಣ ಬಂದವರಿಗೆಲ್ಲ ಹೇಳುತ್ತಿದ್ದಾರೆ — "ಮೂಲೆಮೂಲೆಗೂ ನುಸಿಗುಳಿಗೆ ಇಟ್ಟೆ ನೋಡಿ, ನಾತ ಮಂಗಮಾಯ!"
ಆ ಹೆಗ್ಗಳಿಕೆ ಅವರಿಗೇ ಇರಲಿ ಅಂದುಕೊಂಡೆ. ಇದನ್ನು ಔದಾರ್ಯ ಅನ್ನುತ್ತಾರೆಯೆ?

ಏಪ್ರಿಲ್ 17
ಗಾಜಣ್ಣನಿಗೆ ಕೆಮ್ಮು, ಮೈ ಬಿಸಿ. ಆದರೂ ಬಂದಿದ್ದಾರೆ. ಹೆದರಿದೆ. ಮಾಸ್ಕ್ ಹಾಕಿಕೊಂಡೆ. ಕುರ್ಚಿ ದೂರ ಎಳೆದೆ. ಫ್ರೇಮ್ ಕೊಡಲು ಬಂದರೆ, "ಅಲ್ಲೇ ಇಡಿ." ಅವರು ಊಟದ ಡಬ್ಬಿ ತೆಗೆದರೆ ನಾನು ಎದ್ದು ಹೊರಗೆ.
ಅಂಗಡಿ ಮುಚ್ಚುವಾಗ ಬಾಗಿಲಲ್ಲಿ ನಿಂತು ಕೇಳಿದರು. ಮುಖದಲ್ಲಿ ನಗು ಇರಲಿಲ್ಲ.
"ಮೇಡಮ್, ನಾನು ನಾರ್ತಿದ್ದೀನಾ?"
ಮಾಸ್ಕ್ ಮೇಲಕ್ಕೆಳೆದುಕೊಂಡು ಮೆಟ್ಟಿಲಿಳಿದೆ.

ಏಪ್ರಿಲ್ 18
ಗಾಜಣ್ಣ ಒಗೆದ ಅಂಗಿ ತೊಟ್ಟು, ಸೆಂಟ್ ಹಾಕಿಕೊಂಡು ಬಂದಿದ್ದರು. ಊಟಕ್ಕೆ ಒಳಗೆ ಕೂರಲಿಲ್ಲ. ಡಬ್ಬಿ ಹಿಡಿದು ಹೊರಗಿನ ಮೆಟ್ಟಿಲ ಮೇಲೆ, ಒಬ್ಬರೇ.
ಮಾಸ್ಕ್ ತೆಗೆಯದೆ ಹೋದೆ. ಸ್ವಲ್ಪ ಮೇಲಿನ ಮೆಟ್ಟಿಲಲ್ಲಿ ಕೂತು, ಬ್ಯಾಂಡೇಜ್ ಕಾಣುವಷ್ಟು ಪ್ಯಾಂಟ್ ಎತ್ತಿದೆ. ಮಾತ್ರೆಯ ವಿಷಯ, ಜ್ವರದ ಹೆದರಿಕೆ, ಎಲ್ಲ ಹೇಳಿದೆ. ಕೊನೆಗೆ —
"ಆವತ್ತು ಬೀರುವಿನ ಹಿಂದೆ ಇಲಿ ಇರಲಿಲ್ಲ, ಗಾಜಣ್ಣ."
ತುತ್ತು ಕೆಳಗಿಟ್ಟರು. ಕಾಲು ನೋಡಿದರು. ಅವರ ಕೈ ತಾನಾಗಿ ಸೊಂಟಕ್ಕೆ ಹೋಯಿತು.
"ಬೀರು ಸರಿಸೋಕೆ ಮುಂಚೆ ಹೇಳಬಾರ್ದಿತ್ತಾ ಮೇಡಮ್?"
ಹೇಳಬಹುದಿತ್ತು. ಅಷ್ಟು ಹತ್ತಿರ ನಿಂತಿದ್ದೆ. ಟಾರ್ಚ್ ಹಿಡಿದುಕೊಂಡು, ಇನ್ನೂ ಸ್ವಲ್ಪ ಎಡಕ್ಕೆ ಅಂತ ನಾನೇ —