ಅಕ್ಕನಿಗೆ ಕೇಳಿಸದ ಪ್ರಶ್ನೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 7

ಎಂದಿನಂತೆ ಕಾಫಿಗೆ ಮೊದಲು ಮೇಲ್. ಹದಿನೆಂಟು ಬಂದಿವೆ, ಎಲ್ಲ ಒಂದೇ ಜಗಳ. ನಾವೊಂದು ಗುಂಪು ಸೇರಿ ಕಟ್ಟುವ ಫ್ರೀ ಆಪರೇಟಿಂಗ್ ಸಿಸ್ಟಮ್‌ನ ಇನ್‌ಸ್ಟಾಲರ್‌ಗೆ ಕಂಪನಿಗಳ ಫರ್ಮ್‌ವೇರ್ ಸೇರಿಸಬೇಕೇ, ಬೇಡವೇ? ವೈಫೈ, ಸೌಂಡ್ ಚಿಪ್‌ಗಳನ್ನು ಎಬ್ಬಿಸುವ ಸಣ್ಣ ಸಣ್ಣ ಫೈಲುಗಳು. ಒಳಗೇನಿದೆ ಎಂದು ಕಂಪನಿಯವರು ಯಾರಿಗೂ ತೋರಿಸುವುದಿಲ್ಲ. ನಮ್ಮದು ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಸಿಸ್ಟಮ್. ಅದರಲ್ಲಿ ಬೀಗ ಹಾಕಿದ ಡಬ್ಬಿ ಯಾಕೆ?

ಇಪ್ಪತ್ತೊಂದಕ್ಕೆ ಓಟು. ನಾನು ಹದಿನಾರು ವರ್ಷದಿಂದ ‘ಬೇಡ’ದ ಕಡೆ. ಬೇಕಾದವರನ್ನು ಇನ್‌ಸ್ಟಾಲರೇ ಕೇಳುತ್ತದಲ್ಲ — “ಈ ಯಂತ್ರಕ್ಕೆ ಮುಕ್ತವಲ್ಲದ ಫೈಲು ಬೇಕು. ನಿಮ್ಮ ಬಳಿ ಇದೆಯೇ? ಹೌದು / ಇಲ್ಲ.” ನಮ್ಮ ಭಾಷೆಯಲ್ಲಿ ಅದನ್ನು ಬರೆದವನು ನಾನೇ. ಮೂರು ದಿನ ತಿದ್ದಿದ್ದೆ. ಕೇಳುವುದು, ಉತ್ತರ ಅವರಿಗೇ ಬಿಡುವುದು — ಸ್ವಾತಂತ್ರ್ಯ ಎಂದರೆ ಇದೇ ಎಂದು ಇವತ್ತೂ ಮೇಲ್ ಬರೆದೆ. ಗುಂಪಿನ ಹಿರಿಯರು, ಮೊಬೈಲನ್ನೂ ಮುಟ್ಟದ ಗಡ್ಡದ ಗುರುಗಳು, ‘ಭೇಷ್’ ಎಂದರು. ಉಬ್ಬಿಹೋದೆ.

ಹೆಂಡತಿ: “ಕಾಫಿ ಆರಿ ನೀರಾಯ್ತು. ಅದಕ್ಕೂ ಓಟು ಹಾಕ್ತೀರಾ?”

ಮಾರ್ಚ್ 6, ಗುರುವಾರ

ಅಕ್ಕನ ಹಳೇ ಲ್ಯಾಪ್‌ಟಾಪ್ ಕೊನೆಗೂ ಉಸಿರು ಬಿಟ್ಟಿತು. ಹೊಸದು ಬಂದಿದೆಯಂತೆ. ಫೋನ್.

“ಪೆನ್‌ಡ್ರೈವ್ ಕಳ್ಸು ಪುಟ್ಟ. ನೀನು ಬರ್ಬೇಡ.”

ನಲವತ್ತೊಂಬತ್ತು ವರ್ಷದ ಪುಟ್ಟ!

ಹುಟ್ಟಿದಾಗಿನಿಂದ ಅವಳಿಗೆ ಕಣ್ಣು ಕಾಣದು. ಕೋರ್ಟಿನ ಸಾಕ್ಷಿಗಳ ರೆಕಾರ್ಡಿಂಗ್ ಕೇಳಿ ಟೈಪ್ ಮಾಡಿಕೊಡುವ ಕೆಲಸ. ಜನರ ಗುಟ್ಟೆಲ್ಲ ಅವಳ ಮೇಜಿನ ಮೇಲೆ. ಬೇರೆಯವರು ಇಣುಕುವ ಸಿಸ್ಟಮ್ ಬೇಡವೆಂದು ನಮ್ಮದನ್ನೇ ಬಳಸುತ್ತಾಳೆ, ತಾನೇ ಇನ್‌ಸ್ಟಾಲ್ ಮಾಡುತ್ತಾಳೆ. ಯಾರೂ ಮುಟ್ಟುವಂತಿಲ್ಲ. ಪವರ್ ಒತ್ತಿ, ಇಪ್ಪತ್ತು ಎಣಿಸಿ, ಎಸ್, ಎಂಟರ್ — ಇನ್‌ಸ್ಟಾಲರ್ ಮಾತಾಡತೊಡಗುತ್ತದೆ. ಮುಂದಿನದು ಅವರಿಬ್ಬರ ಸಂಸಾರ.

ಮಾರ್ಚ್ 8, ಶನಿವಾರ. ಸಂಜೆ

“ನಿನ್ನ ಸಿಸ್ಟಮ್‌ಗೆ ನಾಲಿಗೆ ಬಿದ್ದೋಗಿದ್ಯೇನೋ?”

ಅಕ್ಕನ ಫೋನ್. ಎರಡು ಗಂಟೆ ಅದರ ಮುಂದೆ ಕೂತಿದ್ದಳಂತೆ. ಹೊಸದಲ್ಲವೇ, ನಾಚಿಕೆ ಇರಬೇಕು ಎಂದು ಕಾದಳಂತೆ. ಆಮೇಲೆ ನೆನಪಿನ ಮೇಲೆ ಎರಡು ಸಲ ಎಂಟರ್ ಒತ್ತಿ ನೋಡಿದ್ದಾಳೆ. ಮತ್ತೆ ಕಾದಿದ್ದಾಳೆ.

ಓಡಿದೆ. ನೋಡಿದ ಕೂಡಲೇ ಗೊತ್ತಾಯಿತು. ಇದರ ಸೌಂಡ್ ಚಿಪ್‌ಗೆ ಫರ್ಮ್‌ವೇರ್ ಬೇಕು. ಪರದೆಯ ಮೇಲೆ ನನ್ನದೇ ಪ್ರಶ್ನೆ.

“ಇಷ್ಟೊತ್ತು ಏನಾದ್ರೂ ಕೇಳ್ತಿತ್ತಾ?”

“ಹೂಂ.”

“ಏನಂತ?”

ಓದಿ ಹೇಳಿದೆ.

“ಚೆನ್ನಾಗಿ ಬರ್ದಿದೀಯ.”

ಬೈದಿದ್ದರೆ ವಾಸಿಯಿತ್ತು.

ನಾನೇ ಮಾಡಿಕೊಡುತ್ತೇನೆ ಎಂದೆ. ಲ್ಯಾಪ್‌ಟಾಪ್ ಮುಚ್ಚಿಬಿಟ್ಟಳು. “ಇನ್ನೊಬ್ರು ಬಂದು ಮಾಡ್ಕೊಡೋದಾದ್ರೆ ನಿಮ್ಮದು ಯಾಕೆ? ಅಂಗಡಿಯವ್ರು ಹಾಕಿರೋದೇ ಇದೆ ಇದ್ರಲ್ಲಿ. ಅದಕ್ಕೆ ಬಾಯಿದೆ. ಏಪ್ರಿಲ್ ಹದಿನೈದಕ್ಕೆ ಕೋರ್ಟಿಂದ ಮುಂದಿನ ರೆಕಾರ್ಡಿಂಗ್ ಬರುತ್ತೆ. ಅಲ್ಲಿವರೆಗೂ ಕಾಯ್ತೀನಿ.”

ಮಾರ್ಚ್ 9, ಭಾನುವಾರ

ಗುರುಗಳಿಗೆ ಬರೆದೆ. ಮಧ್ಯಾಹ್ನವೇ ಉತ್ತರ: “ಯುಎಸ್‌ಬಿ ಹೆಡ್‌ಫೋನ್ ಸಿಕ್ಕಿಸಿದರೆ ಫರ್ಮ್‌ವೇರ್ ಇಲ್ಲದೆಯೂ ಕೇಳಿಸುತ್ತದೆ.”

ನಿಜ. ಖುಷಿಯಿಂದ ಅಕ್ಕನಿಗೆ ಹೇಳಿದೆ.

“ಸರಿ ಕಣೋ. ಆದ್ರೆ ಅದು ಬೇಕು ಅಂತ ಹೇಳೋರ್ಯಾರು? ನನಗೆ ನೀನಿದೀಯ. ಇಂಥ ತಮ್ಮ ಇಲ್ಲದವ್ರು?”

ಹೊಗಳಿದಳೋ, ತಿವಿದಳೋ. ಎರಡೂ ಇರಬೇಕು.

ಮಾರ್ಚ್ 17, ಸೋಮವಾರ

ಎಂಟು ದಿನ ಏನೂ ಬರೆದಿಲ್ಲ. ಮೇಲ್ ಕೂಡ ಇಲ್ಲ. ಹೆಂಡತಿ ಹಣೆ ಮುಟ್ಟಿ ನೋಡಿದಳು, ಜ್ವರವೇನೋ ಎಂದು.

ಕೊನೆಗೆ ಅಕ್ಕನನ್ನೇ ಕೇಳಿದೆ, ಓಟು ಯಾವ ಕಡೆ ಹಾಕಲಿ?

“ನನ್ನ ಮೇಲೆ ಕನಿಕರ ಪಟ್ಟು ಹಾಕಿದ್ರೆ ಕಿವಿ ಹಿಂಡ್ತೀನಿ. ಬೀಗ ಹಾಕಿರೋ ಡಬ್ಬಿ ನನಗೂ ಇಷ್ಟ ಇಲ್ಲ.”

“ಹಾಗಾದ್ರೆ?”

“ಸೇರಿಸ್ರಿ. ಸೇರಿಸಿದೀವಿ ಅಂತ ಬಾಯ್ಬಿಟ್ಟು ಹೇಳ್ರಿ. ಬೇಡ ಅನ್ನೋಕೂ ಬಿಡ್ರಿ.” ಆಮೇಲೆ ನಕ್ಕಳು. “ಚಿಕ್ಕೋನಿದ್ದಾಗ ನನಗೆ ಕಥೆ ಓದ್ತಿದ್ದೆಯಲ್ಲ, ಯಾರಾದ್ರೂ ಸಾಯೋ ಜಾಗ ಬಂದ್ರೆ ಹಾರಿಸ್ಬಿಡ್ತಿದ್ದೆ. ಎರಡು ಹಾಳೆ ಒಟ್ಟಿಗೆ ತಿರುಗಿದ ಸದ್ದು ನನಗೆ ಕೇಳಿಸ್ಲಿಲ್ಲ ಅನ್ಕೊಂಡಿದ್ಯಾ?”

ನಲವತ್ತು ವರ್ಷ. ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಅವಳು ಅಳದಿರಲಿ ಎಂದು ನಾನು ಹಾರಿಸುತ್ತಿದ್ದೆ. ನನಗೆ ಬೇಜಾರಾಗದಿರಲಿ ಎಂದು ಅವಳು ಸುಮ್ಮನಿದ್ದಳು. ಎಂಥ ಅಕ್ಕ ನನಗೆ.

ಮಾರ್ಚ್ 21, ಶುಕ್ರವಾರ

ಹಾಕಿದೆ. ‘ಸೇರಿಸಬೇಕು.’

ಗುರುಗಳಿಗೆ ಬೇರೆಯವರಿಂದ ತಿಳಿಯುವುದು ಬೇಡವೆಂದು ನಾನೇ ಬರೆದೆ. ಎರಡು ಸಾಲಿನ ಉತ್ತರ: “ನಾನು ವಿರುದ್ಧ ಹಾಕಿದ್ದೇನೆ. ನಿಮ್ಮ ಅಕ್ಕನವರಿಗೆ ನನ್ನ ನಮಸ್ಕಾರ.”

ಮಾರ್ಚ್ 30, ಭಾನುವಾರ

‘ಸೇರಿಸಬೇಕು’ ಗೆದ್ದಿತು. ಹಿಗ್ಗೂ ಇಲ್ಲ, ಬೇಸರವೂ ಇಲ್ಲ… ಸ್ವಲ್ಪ ಬೇಸರ ಇದೆ.

ಅಕ್ಕ ಹೇಳಿದ ಹಾಗೆ ಹೊಸ ಪ್ರಶ್ನೆ ಬರೆಯುತ್ತಿದ್ದೇನೆ. ಇನ್‌ಸ್ಟಾಲರ್ ಶುರುವಾದ ಕೂಡಲೇ ದನಿಯಲ್ಲೇ ಕೇಳಬೇಕು. ‘ಸಹಾಯಕ ಫೈಲು’ ಎಂದು ಬರೆದಿದ್ದೆ. ಸೋತ ಗುರುಗಳೇ ಕೂತು ತಿದ್ದಿದರು: “ಬೆಲ್ಲ ಸವರಬೇಡಿ. ಒಳಗೇನಿದೆ ಗೊತ್ತಿಲ್ಲ ಅಂತಲೇ ಹೇಳಿ.”

ಏಪ್ರಿಲ್ 12, ಶನಿವಾರ. ಬೆಳಿಗ್ಗೆ 11. ಅಕ್ಕನ ಅಡುಗೆಮನೆ

ನನ್ನನ್ನೂ ಹೆಂಡತಿಯನ್ನೂ ಇಲ್ಲಿ ಕೂರಿಸಿ, ಅಕ್ಕ ಹೊಸ ಇನ್‌ಸ್ಟಾಲರ್‌ನ ಪೆನ್‌ಡ್ರೈವ್ ಹಿಡಿದು ಕೋಣೆಯ ಬಾಗಿಲು ಹಾಕಿಕೊಂಡಿದ್ದಾಳೆ. ಕರೆಯುವವರೆಗೆ ಒಳಗೆ ಕಾಲಿಡುವಂತಿಲ್ಲ. ಕೈ ಸುಮ್ಮನಿರದು, ಅದಕ್ಕೇ ಬರೆಯುತ್ತಿದ್ದೇನೆ.

ಎಣಿಸುತ್ತಿದ್ದಾಳೆ, ನಮಗೆ ಕೇಳಲಿ ಎಂದೇ ಜೋರಾಗಿ. ಹದಿನೆಂಟು… ಹತ್ತೊಂಬತ್ತು… ಇಪ್ಪತ್ತು.

ಏನೂ ಇಲ್ಲ.

ಎದ್ದೆ. ಹೆಂಡತಿ ಅಂಗಿ ಹಿಡಿದು ಕೂರಿಸಿದಳು.

ಮಾತಾಡಿತು! ಅದೇ ಒರಟು, ಮೂಗಿನ ದನಿ. “ನಿಮ್ಮ ಸೌಂಡ್ ಚಿಪ್‌ಗೆ ಕಂಪನಿಯ ಫೈಲು ಬಳಸಿದ್ದೇವೆ. ಒಳಗೇನಿದೆ ನಮಗೆ ಗೊತ್ತಿಲ್ಲ. ತೆಗೆದರೆ ಈ ದನಿ ನಿಲ್ಲುತ್ತದೆ. ಇಟ್ಟುಕೊಳ್ಳುತ್ತೀರಾ? ಹೌದು / ಇಲ್ಲ.”

ಸದ್ದಿಲ್ಲ. ಯೋಚಿಸುತ್ತಿದ್ದಾಳೆ. ‘ಇಲ್ಲ’ ಒತ್ತಿದರೂ ಒತ್ತಿಯಾಳು, ಅವಳ ಹಟ ನನಗೆ ಗೊತ್ತಿಲ್ಲವೇ. ಒತ್ತಲಿ. ಅವಳಿಷ್ಟ. ಕೇಳಿದ್ದಂತೂ ಅವಳನ್ನೇ. ಕಣ್ಣು ಮಂಜಾಗಿ ಸಾಲು ಸೊಟ್ಟಗೆ ಹೋಗುತ್ತಿದೆ.

ಟಕ್. ಒಂದು ಕೀ.

“ಪುಟ್ಟಾ! ಈ ಸಲ ಹಾಳೆ ಹಾರ್ಸಿಲ್ಲ ಕಣೋ. ಬಾ ಇಲ್ಲಿ. ನಾನೇನ್ ಒತ್ತಿದೆ ಹೇಳು ನೋಡೋಣ!”

ಅವಳ ದನಿಯ ಹಿಂದೆಯೇ ಆ ಮೂಗಿನ ದನಿ, ನಿಲ್ಲದೆ, ಕೀಬೋರ್ಡ್ ಯಾವುದು ಎಂದು ಕೇಳುತ್ತಿ—